ಯಾರೋ ಹಾಸಿದ ಹಾಸಿಗೆ

ಕೋಣೆಯ ಜಾರುಬಾಗಿಲು ಸರಿಸಿದ ಆ ಹೆಂಗಸು ಮಂಡಿಯೂರಿ ಕೂತು, ಎರಡೂ ಅಂಗೈ ಚಾಪೆಗೆ ಊರಿ, ಹಣೆ ನೆಲಕ್ಕೆ ತಾಗುತ್ತದೇನೋ ಅನ್ನುವಷ್ಟು ಬಾಗಿದರು. ನಾನು ಹಿಂದೆ ತಿರುಗಿ ನೋಡಿದೆ. ಯಾರೋ ದೊಡ್ಡ ಮನುಷ್ಯರು ಬರುತ್ತಿರಬೇಕು ಅಂದುಕೊಂಡೆ. ಕಾರಿಡಾರಿನಲ್ಲಿ ನನ್ನ ಚಕ್ರ ಮುರಿದ ಟ್ರಾಲಿ ಬ್ಯಾಗು ಬಿಟ್ಟರೆ ಏನೂ ಇರಲಿಲ್ಲ.

ಆಕೆಗೆ ಅರವತ್ತರ ಹತ್ತಿರ ವಯಸ್ಸಿರಬೇಕು. ನನ್ನ ಆಯಿಗಿಂತ ನಾಲ್ಕೈದು ವರ್ಷ ದೊಡ್ಡವರು. ಏನು ಮಾಡಬೇಕೆಂದು ತೋಚದೆ ನಾನೂ ಕೂತು ಬಾಗಿದೆ. ಅವರು ಇನ್ನಷ್ಟು ಬಾಗಿದರು. ನಾನು ಮತ್ತೆ ಬಾಗಿದೆ. ಇದು ಎಷ್ಟು ಹೊತ್ತು ನಡೆಯುತ್ತಿತ್ತೋ, ಅಷ್ಟರಲ್ಲಿ ಅವರಿಗೇ ನಗು ಬಂತು.

ಊರು ಮಾತ್ಸುಎ. ಜಪಾನಿನ ಪಶ್ಚಿಮಕ್ಕೆ ಶಿಮಾನೆ ಎಂಬ ಪ್ರಾಂತದಲ್ಲಿದೆ. ಟೋಕಿಯೋದಿಂದ ಬುಲೆಟ್ ರೈಲಿನಲ್ಲಿ ಒಕಾಯಾಮಾಕ್ಕೆ ಬಂದು, ಅಲ್ಲಿಂದ ‘ಯಾಕುಮೊ’ ಎಂಬ ರೈಲು ಹತ್ತಿ ಬೆಟ್ಟಗಳ ನಡುವೆ ಎರಡೂವರೆ ತಾಸು ಬಂದರೆ ಸಿಗುತ್ತದೆ. ಆ ರೈಲಿನಲ್ಲಿ ಕೂತಾಗ ಕ್ಯಾಸಲ್‌ರಾಕ್ ಘಾಟಿಯ ನೆನಪಾಗದೆ ಇರುವುದಿಲ್ಲ. ನಾನು ಕಾಳಿ ನದಿಯ ಅಳಿವೆಯಲ್ಲಿರುವ ಚಿಪ್ಪುಜೀವಿಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ನಮ್ಮ ಕಡೆಯವರಿಗೆ ಅರ್ಥವಾಗುವ ಹಾಗೆ ಹೇಳುವುದಾದರೆ, ಖುಬೆಗಳ ಮೇಲೆ. ಅಂಕೋಲೆ ಕಡೆ ಬಳಚು ಅನ್ನುತ್ತಾರೆ. ‘ಅದನ್ನ ಆರಿಸ್ಕಂಡು ಬಂದು ಸಾರು ಮಾಡೂದು ಬಿಟ್ಟು ಅದರಲ್ಲಿ ಐದು ವರ್ಷ ಓದೂಕೆ ಏನದೆ’ ಎಂದು ನಮ್ಮ ಕದ್ವಾಡದಲ್ಲಿ ಕೇಳದವರಿಲ್ಲ. ಮಾತ್ಸುಎ ಊರಿನ ಪಕ್ಕದಲ್ಲಿರುವ ಶಿಂಜಿ ಸರೋವರವು ಶಿಜಿಮಿ ಎಂಬ ಕಿರಿದಾದ ಕಪ್ಪು ಚಿಪ್ಪಿಗೆ ಜಪಾನಿನಲ್ಲೆಲ್ಲ ಹೆಸರುವಾಸಿ. ಕಾಳಿಯಲ್ಲಿ ಸ್ವಲ್ಪ ಮೇಲಕ್ಕೆ, ಉಪ್ಪು ಕಡಿಮೆಯಾಗುವ ಕಡೆ ಸಿಗುವ ನಮ್ಮ ಕಪ್ಪು ಖುಬೆ ಮತ್ತು ಈ ಶಿಜಿಮಿ ಒಂದೇ ಕುಟುಂಬಕ್ಕೆ ಸೇರಿದವು, ದಾಯಾದಿಗಳು. ಅಲ್ಲಿ ಹೋದ ಅಕ್ಟೋಬರ್ ಕೊನೆಗೆ ಉಪ್ಪುಸಿಹಿ ನೀರಿನ ಚಿಪ್ಪುಗಳ ಬಗ್ಗೆ ಒಂದು ಸಣ್ಣ ಕಾರ್ಯಾಗಾರ ಇತ್ತು. ಮೂರು ರಾತ್ರಿಗಳಲ್ಲಿ ಎರಡನ್ನು ಸ್ಟೇಷನ್ ಪಕ್ಕದ ಹೋಟೆಲಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕಳೆದೆವು. ಕೊನೆಯ ರಾತ್ರಿ ಹೊರಗಿನಿಂದ ಬಂದವರಿಗೆ ಒಂದು ಅನುಭವವಾಗಲಿ ಅಂತ ಸಂಘಟಕರು ಸರೋವರದ ದಂಡೆಯ ಹಳೆಯ ರ್ಯೋಕಾನ್‌ನಲ್ಲಿ ಇರಿಸಿದ್ದರು.

ರ್ಯೋಕಾನ್ ಅಂದರೆ ಅಲ್ಲಿಯ ಸಾಂಪ್ರದಾಯಿಕ ವಸತಿಗೃಹ. ತುಂಬ ಹಳೆಯ ಪದ್ಧತಿ. ಯಾಮಾನಾಶಿಯ ಬೆಟ್ಟಗಳಲ್ಲಿರುವ ಒಂದು ರ್ಯೋಕಾನ್ ಕ್ರಿ.ಶ. 705ರಲ್ಲಿ ಶುರುವಾದದ್ದಂತೆ, ಜಗತ್ತಿನ ಅತಿ ಹಳೆಯ ಹೋಟೆಲ್ ಎಂದು ಗಿನ್ನೆಸ್ ದಾಖಲೆಯಲ್ಲಿದೆ. ಬಾಡಿಗೆ ಕೋಣೆಗಲ್ಲ, ತಲೆಗೆ. ರಾತ್ರಿಯ ಊಟ, ಬೆಳಗಿನ ತಿಂಡಿ ಅದರಲ್ಲೇ ಸೇರಿರುತ್ತದೆ. ನಮ್ಮ ತಲೆಗೆ ಎಷ್ಟು ಅಂತ ಕುತೂಹಲಕ್ಕೆ ಮೊಬೈಲಿನಲ್ಲಿ ನೋಡಿದೆ, ನೋಡಬಾರದಿತ್ತು. ಹದಿನೆಂಟು ಸಾವಿರ ಯೆನ್. ನಮ್ಮ ಲೆಕ್ಕದಲ್ಲಿ ಹತ್ತು ಸಾವಿರ ರೂಪಾಯಿ. ಆಮೇಲೆ ಆ ಕೋಣೆಯಲ್ಲಿ ಏನು ಮುಟ್ಟಿದರೂ ಅದು ಎಷ್ಟರದ್ದು ಅನ್ನುವ ಲೆಕ್ಕವೇ ತಲೆಯಲ್ಲಿ.

ಬಾಗಿಲಲ್ಲೇ ಬೂಟು ಬಿಚ್ಚಬೇಕು. ಒಳಗೆ ಓಡಾಡಲು ಒಂದು ಚಪ್ಪಲಿ, ತತಾಮಿ ಹಾಸಿದ ಕೋಣೆಗೆ ಬರುವಾಗ ಅದನ್ನೂ ಬಿಡಬೇಕು, ಶೌಚಾಲಯಕ್ಕೆ ಬೇರೆಯೇ ಚಪ್ಪಲಿ. ನಾನು ನಿರೀಕ್ಷೆಯಂತೆ ಶೌಚಾಲಯದ ಚಪ್ಪಲಿಯಲ್ಲೇ ಕಾರಿಡಾರಿಗೆ ಬಂದೆ. ಕೊರಿಯಾದ ಸಹಪಾಠಿಯೊಬ್ಬಳು ಕಣ್ಣಲ್ಲೇ ನನ್ನ ಕಾಲು ತೋರಿಸಿದಳು. ನಮ್ಮಲ್ಲಿ ಜಗಲಿ ಹತ್ತುವ ಮೊದಲು ತಂಬಿಗೆ ನೀರಲ್ಲಿ ಕಾಲು ತೊಳೆಯುವುದು, ಬಂದವರಿಗೆ ‘ಆಸರಿಗೆ ಏನು ಬೇಕು’ ಅನ್ನುತ್ತ ಬೆಲ್ಲ ನೀರು ಕೊಡುವುದು ಇದ್ದೇ ಇದೆ. ಇಲ್ಲಿ ಹಸಿರು ಚಹಾ ಮತ್ತು ಎಲೆಯ ಆಕಾರದ ಒಂದು ಸಿಹಿ ಬಂತು. ಮಾತ್ಸುಎ ಚಹಾಕ್ಕೂ ಸಿಹಿಗೂ ಹೆಸರಾದ ಊರು. ಹಿಂದೆ ಆಳುತ್ತಿದ್ದ ಮಾತ್ಸುದೈರಾ ಫುಮಾಯ್ ಎಂಬ ಪಾಳೆಯಗಾರನಿಗೆ ಚಹಾದ ಹುಚ್ಚು.

ಕೋಣೆಯಲ್ಲಿ ಮಂಚವಿಲ್ಲ. ಗಿಡ್ಡ ಮೇಜು, ಕಾಲಿಲ್ಲದ ಕುರ್ಚಿ, ಗೋಡೆಯ ಗೂಡಿನಂಥ ಜಾಗದಲ್ಲಿ ಒಂದು ಉದ್ದದ ಚಿತ್ರ, ಒಂದೇ ಒಂದು ಕಾಡುಹೂವು. ಆ ಗೂಡಿಗೆ ತೊಕೊನೋಮ ಅನ್ನುತ್ತಾರೆ. ಅದರಲ್ಲಿ ಸಾಮಾನು ಇಡಬಾರದು ಅಂತ ಓದಿದ್ದೆ, ಅದೊಂದು ತಪ್ಪನ್ನು ಮಾಡಲಿಲ್ಲ. ಕಿಟಕಿಯಾಚೆ ಸರೋವರ. ನೀರಿನ ಮಧ್ಯೆ ಪೈನ್ ಮರಗಳ ಒಂದು ಪುಟ್ಟ ದ್ವೀಪ. ಯೋಮೆಗಾಶಿಮಾ, ಅಂದರೆ ಸೊಸೆಯ ದ್ವೀಪ. ಅತ್ತೆಯ ಕಾಟ ತಾಳದೆ ತವರಿಗೆ ಹೊರಟವಳು ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆಯುವಾಗ ಮಂಜು ಒಡೆದು ಮುಳುಗಿದಳಂತೆ, ಆಮೇಲೆ ಆ ಜಾಗದಲ್ಲಿ ದ್ವೀಪ ಎದ್ದಿತಂತೆ. ಸಂಜೆ ಸೂರ್ಯ ಅದರ ಹಿಂದೆ ಇಳಿಯುವಾಗ ಫೋಟೋ ತೆಗೆಯಲು ಊರೇ ದಂಡೆಗೆ ಬರುತ್ತದೆ. ನಾನೂ ತೆಗೆದೆ.

ಯುಕಾತಾ ಎಂಬ ಹತ್ತಿಯ ನಿಲುವಂಗಿಯನ್ನು ಹಾಕಿಕೊಂಡು ಊಟಕ್ಕೆ ಕೂತಾಗ ಆ ಹೆಂಗಸು ಒಳಗೆ ಬಂದರು. ಕೋಣೆಗಳನ್ನೂ ಅತಿಥಿಗಳನ್ನೂ ನೋಡಿಕೊಳ್ಳುವ ಇಂಥವರಿಗೆ ನಕಾಯ್ ಅನ್ನುತ್ತಾರೆ. ನನ್ನನ್ನು ನೋಡಿದವರೇ ಸಣ್ಣದಾಗಿ ‘ಆ’ ಅಂದು, ಹತ್ತಿರ ಬಂದು, ಅಂಗಿಯ ಎರಡು ಸೆರಗುಗಳನ್ನು ಬಿಡಿಸಿ ಅದಲುಬದಲು ಮಾಡಿದರು. ಎಡದ ಸೆರಗು ಬಲದ ಮೇಲೆ ಬರಬೇಕು. ಬಲದ್ದು ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ರೀತಿ. ನಮ್ಮಲ್ಲಿ ಶ್ರಾದ್ಧಕ್ಕೆ ಜನಿವಾರ ಎಡಬಲ ಮಾಡಿಕೊಳ್ಳುವುದು ನೆನಪಾಯಿತು. ಸತ್ತವರಿಗೆ ಎಲ್ಲ ತಿರುಗುಮುರುಗು ಮಾಡುವುದು ಎಲ್ಲ ಕಡೆಯೂ ಇರಬೇಕು. ನನ್ನ ಸೊಂಟಕ್ಕೆ ಪಟ್ಟಿ ಬಿಗಿಯುವಾಗ ಅವರ ಬೆರಳಿನ ಗಂಟುಗಳು ಕಂಡವು. ಆಯಿಯ ಬೆರಳಿನ ಗಂಟುಗಳು ಹಾಗೇ ಇವೆ. ಒದ್ದೆ ಬಟ್ಟೆ ಹಿಂಡಿ ಹಿಂಡಿ ಬರುವ ಗಂಟು ಅದು.

ಇದನ್ನು ಹೇಳದೆ ಮುಂದೆ ಹೋಗಲಾರೆ. ನನ್ನ ಆಯಿ ಹನ್ನೊಂದು ವರ್ಷ ಕಾರವಾರದ ಒಂದು ಲಾಡ್ಜಿನಲ್ಲಿ ಕೋಣೆ ಸ್ವಚ್ಛ ಮಾಡುವ ಕೆಲಸಕ್ಕಿದ್ದಳು. ಬೆಳಿಗ್ಗೆ ಏಳರ ಬಸ್ಸಿಗೆ ಹೋದರೆ ಸಂಜೆ ಆರಕ್ಕೆ ಬರುತ್ತಿದ್ದಳು. ದಿನಕ್ಕೆ ಹದಿನಾಲ್ಕು ಹಾಸಿಗೆ, ಶನಿವಾರ ಭಾನುವಾರ ಇಪ್ಪತ್ತರ ಮೇಲೆ. ಗೋವೆಯಿಂದ, ಹುಬ್ಬಳ್ಳಿಯಿಂದ ಬರುವ ಪ್ರವಾಸಿಗಳು ಬಿಟ್ಟುಹೋದ ಮರಳು, ಬಾಟಲಿ, ಒಮ್ಮೊಮ್ಮೆ ವಾಂತಿ. ಮಲ್ಲಾಪುರ, ಕೈಗಾ ಕಡೆ ಕೆಲಸಕ್ಕೆ ಬರುವ ಕಂಟ್ರಾಕ್ಟರುಗಳು ಮಾತ್ರ ಕೋಣೆ ಚೆನ್ನಾಗಿಟ್ಟುಕೊಳ್ಳುತ್ತಿದ್ದರು ಅಂತ ಆಯಿ ಹೇಳುತ್ತಾಳೆ. ಅಷ್ಟು ಹಾಸಿಗೆ ಹಾಸಿದವಳು ಒಂದರ ಮೇಲೂ ಮಲಗಿದವಳಲ್ಲ. ಒಂದು ಮಧ್ಯಾಹ್ನ ಜ್ವರ ಬಂದಾಗಲೂ ಲಿನನ್ ಕೋಣೆಯ ನೆಲದ ಮೇಲೆ ಕೊಳೆ ಬಟ್ಟೆಯ ರಾಶಿಗೆ ಒರಗಿ ಮಲಗಿದ್ದಳಂತೆ.

ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಒಬ್ಬ ಅತಿಥಿಯ ಕೈಗಡಿಯಾರ ಕಾಣೆಯಾಯಿತು. ಕೋಣೆಗೆ ಹೋದವಳು ಆಯಿ ಒಬ್ಬಳೇ. ಮ್ಯಾನೇಜರು ಕೌಂಟರಿನ ಎದುರೇ ಅವಳ ಚೀಲವನ್ನು ನೆಲಕ್ಕೆ ಸುರಿಸಿದ. ಬುತ್ತಿ ಡಬ್ಬಿ, ಬಸ್ ಪಾಸು, ಮೊಣಕಾಲಿಗೆ ಹಚ್ಚುವ ಮುಲಾಮು. ಕೆಳಗೆ ಒಂದು ಟವೆಲ್. ಲಾಡ್ಜಿನ ಹೆಸರು ಮುದ್ರಿಸಿದ, ಅಂಚು ಹರಿದ, ನೆಲ ಒರೆಸಲು ತೆಗೆದಿಟ್ಟಿದ್ದ ಟವೆಲ್. ಮೇಲ್ವಿಚಾರಕಿ ‘ಇದು ಬೇಕಾದ್ರೆ ಮನೆಗೆ ತಗಂಡು ಹೋಗು’ ಅಂದಿದ್ದಳು. ಆ ಹೊತ್ತಿಗೆ ಆ ಮೇಲ್ವಿಚಾರಕಿ ತಾನು ಹಾಗೆ ಹೇಳಿದ್ದು ನೆನಪಿಲ್ಲ ಅಂದಳು. ಎರಡು ದಿನಗಳ ಮೇಲೆ ಗಡಿಯಾರ ಅತಿಥಿಯ ಕಾರಿನಲ್ಲೇ ಸಿಕ್ಕಿತೆಂದು ಫೋನು ಬಂತಂತೆ. ಟವೆಲಿನ ಮಾತು ಮಾತ್ರ ಹಾಗೇ ಉಳಿಯಿತು. ಆ ತಿಂಗಳ ನಾಲ್ಕೂವರೆ ಸಾವಿರ ಸಂಬಳದಲ್ಲಿ ಇನ್ನೂರು ರೂಪಾಯಿ ಮುರಿದುಕೊಂಡರು. ಮರುದಿನವೂ ಆಯಿ ಏಳರ ಬಸ್ಸಿಗೆ ಹೋದಳು, ಏಕೆಂದರೆ ನನ್ನ ಪರೀಕ್ಷೆ ಫೀಸು ಕಟ್ಟುವುದಿತ್ತು. ಇದನ್ನು ಅವಳು ನನಗೆ ಹೇಳಿದ್ದು ನಾನು ಎಂಎಸ್ಸಿ ಮುಗಿಸಿದ ಮೇಲೆ, ಖುಬೆ ಬಿಡಿಸುತ್ತ ಕೂತಾಗ, ಬೇರೆ ಏನೋ ಹೇಳುವಾಗ ನಡುವೆ ಬಂದ ಮಾತಾಗಿ.

ಹೀಗಾಗಿ ಊಟದುದ್ದಕ್ಕೂ ನನಗೆ ಸಮಾಧಾನವಿಲ್ಲ. ಆಕೆ ಪ್ರತಿ ಬಟ್ಟಲನ್ನೂ ಮಂಡಿಯೂರಿ ತಂದು ಇಡುವರು, ಮುಚ್ಚಳ ತೆಗೆದು ಹೆಸರು ಹೇಳುವರು, ಹಿಂದಕ್ಕೆ ಸರಿದು ಬಾಗಿಲು ಮುಚ್ಚುವರು. ಕಾಗದದಲ್ಲಿ ಸುತ್ತಿ ಬೇಯಿಸಿದ ಸುಜುಕಿ ಮೀನು ಆ ಊರಿನ ವಿಶೇಷ. ಹೆಸರು ಕೇಳಿ ಕಾರು ನೆನಪಾಗಿ ನಕ್ಕೆವು. ರುಚಿ ನಮ್ಮ ಅಳಿವೆ ಮೀನಿನದೇ, ಆದರೆ ಖಾರವಿಲ್ಲ, ತೆಂಗಿನಕಾಯಿಯಿಲ್ಲ. ತ್ರಿಫಲೆಯ ನಾಲ್ಕು ಕಾಳಾದರೂ ಬೇಕಿತ್ತು ಅಂತ ನಾಲಗೆ ಹೇಳುತ್ತಿತ್ತು. (ಗೊತ್ತಿಲ್ಲದವರಿಗೆ: ಇದು ಆಯುರ್ವೇದದ ತ್ರಿಫಲಾ ಅಲ್ಲ, ಕರಾವಳಿಯ ಮೀನು ಸಾರಿನ ತಿರ್ಫಳ. ಜಪಾನಿನವರು ಹಾಕುವ ಸನ್ಶೋ ಎಂಬ ಮಸಾಲೆ ಅದರದೇ ಜಾತಿ. ಅದನ್ನು ಹೇಳಿ ಒಬ್ಬ ಪ್ರೊಫೆಸರರನ್ನು ಬೆರಗುಗೊಳಿಸಿದೆ.)

ಊಟ ಮುಗಿಸಿ ಸ್ವಲ್ಪ ತಿರುಗಾಡಿ ಬರುವಷ್ಟರಲ್ಲಿ ಮೇಜು ಮೂಲೆಗೆ ಹೋಗಿತ್ತು, ಕೋಣೆಯ ನಡುವೆ ಹಾಸಿಗೆ ಬಿದ್ದಿತ್ತು. ಫುತೋನ್. ಬಿಳಿಯ ಹೊದಿಕೆ, ಒಂದು ಸುಕ್ಕಿಲ್ಲ. ಅಷ್ಟರಲ್ಲಿ ಆಯಿಯ ವೀಡಿಯೋ ಕರೆ ಬಂತು. ಅಲ್ಲಿ ಸಂಜೆ ಐದೂವರೆ.

ನನ್ನ ಮುಖ ನೋಡಿದ್ದು ಒಂದು ಕ್ಷಣ. ‘ಕೋಣೆ ತೋರ್ಸು’ ಅಂದಳು. ಅದಕ್ಕೆ ಕಾರಣ ಉಂಟು. ಕಾಳಿ ಹಿನ್ನೀರಿಗೆ ದೋಣಿ ವಿಹಾರಕ್ಕೆ ಬರುವವರು ಹೆಚ್ಚಿದ ಮೇಲೆ, ಮಾವನ ಮಗ ನಮ್ಮ ಮನೆಯ ಎದುರಿನ ಎರಡು ಕೋಣೆಯನ್ನು ಹೋಮ್‌ಸ್ಟೇ ಮಾಡೋಣ ಅಂತ ಬೆನ್ನು ಬಿದ್ದಿದ್ದಾನೆ. ಆಯಿಯ ಷರತ್ತು ಒಂದೇ: ‘ಮಾಡು, ಆದ್ರೆ ಹಾಸಿಗೆ ನೀನೇ ಹಾಸ್ಬೇಕು.’ ಅದನ್ನು ಕೇಳಿ ಅವನು ಸದ್ಯಕ್ಕೆ ಸುಮ್ಮನಿದ್ದಾನೆ.

ಕ್ಯಾಮೆರಾವನ್ನು ಹಾಸಿಗೆಯ ಹತ್ತಿರ ಹಿಡಿಯಲು ಹೇಳಿದಳು. ಮೂಲೆ ತೋರಿಸು ಅಂದಳು. ಹೊದಿಕೆಯ ಮೂಲೆ ಹೇಗೆ ಮಡಚಿದ್ದಾರೆ ಅಂತ ನಾಲ್ಕೂ ಕಡೆ ನೋಡಿದಳು. ‘ಬರೋಬರಿ ಹಾಕಿದಾರೆ’ ಅಂದಳು. ನೆಲದ ಮೇಲೆ ಹಾಸಿಗೆಯಾ ಅಂತ ಆಶ್ಚರ್ಯಪಟ್ಟಳು. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ನಮ್ಮ ಮನೆಯಲ್ಲಿ ಸೊಂಟದ ತನಕ ನೀರು ನಿಂತಿತ್ತು. ಹತ್ತಿಯ ಹಾಸಿಗೆಗಳೆಲ್ಲ ಕೆಸರು ಕುಡಿದು ಹೆಣದ ಹಾಗೆ ಭಾರವಾಗಿದ್ದವು, ನಾಲ್ಕು ಜನ ಹಿಡಿದು ಹೊರಗೆ ಎಸೆದೆವು. ಆಮೇಲೆ ಎರಡು ವರ್ಷ ಚಾಪೆಯ ಮೇಲೆಯೇ. ‘ಹತ್ತು ಸಾವ್ರ ಕೊಟ್ಟು ನೆಲದ ಮೇಲೆ ಮಲಗ್ತಾರಾ ಜನ?’ ಅಂತ ನಕ್ಕಳು. ಆಮೇಲೆ ಕೇಳಿದಳು: ‘ಅವರು ಮನೆಗೆ ಎಷ್ಟು ಗಂಟೆಗೆ ಹೋಗ್ತಾರೆ?’

ಯಾರು ಅಂದೆ. ‘ಹಾಸಿಗೆ ಹಾಕಿದವರು.’

ನನಗೆ ಗೊತ್ತಿರಲಿಲ್ಲ. ಚಿಪ್ಪಿನ ಬೆಳವಣಿಗೆಯ ಬಗ್ಗೆ ಮೂರು ದಿನ ನೂರು ಪ್ರಶ್ನೆ ಕೇಳಿದ್ದೆ, ಇದನ್ನು ಕೇಳಿರಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಲಾಫ್ಕಾಡಿಯೊ ಹರ್ನ್‌ನ ಬಗ್ಗೆ ಓದುತ್ತ ಬಿದ್ದಿದ್ದೆ. ಆ ಊರಲ್ಲಿ ಎಲ್ಲಿ ನೋಡಿದರೂ ಅವನೇ. ನಾನು ಬಂದ ರೈಲಿಗೂ ಅವನ ಜಪಾನೀ ಹೆಸರಿಗೂ ಒಂದೇ ಪದ, ಯಾಕುಮೊ. 1890ರ ಆಗಸ್ಟಿನಲ್ಲಿ ಇಂಗ್ಲಿಷ್ ಕಲಿಸಲು ಬಂದವನು ಮೊದಲು ಇಳಿದದ್ದು ಇಲ್ಲೇ ಓಹಾಶಿ ಹೊಳೆಯ ದಂಡೆಯ ಒಂದು ವಸತಿಗೃಹದಲ್ಲಿ. ಅದಕ್ಕೆ ಏಳೆಂಟು ವರ್ಷ ಮೊದಲು ಟಾಗೋರರು ನಮ್ಮ ಕಾರವಾರದಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿದ್ದರು. ಅವರು ಬರೆದ ಕಾರವಾರದ ಕಡಲು, ಬೆಳದಿಂಗಳು, ಕಾಳಿಯ ದೋಣಿಯಾನ ನಮಗೆಲ್ಲ ಶಾಲೆಯಿಂದ ಗೊತ್ತು. ಆ ಮನೆಯಲ್ಲಿ ನೀರು ಕಾಯಿಸಿದವರು ಯಾರು ಅಂತ ನನಗೆ ಮೊದಲೆಂದೂ ಅನ್ನಿಸಿರಲಿಲ್ಲ. ಹರ್ನ್‌ನ ವಿಷಯದಲ್ಲಿ ಮಾತ್ರ ಒಂದು ಸಂಗತಿ ಉಳಿದುಬಂದಿದೆ. ಆ ವಸತಿಗೃಹದ ಒಬ್ಬ ಪುಟ್ಟ ಹುಡುಗಿಗೆ ಕಣ್ಣಿನ ಬೇನೆ ಇತ್ತು. ಹರ್ನ್‌ನಿಗೆ ಹುಡುಗನಾಗಿದ್ದಾಗಲೇ ಒಂದು ಕಣ್ಣು ಹೋಗಿತ್ತು. ಬೇಗ ಚಿಕಿತ್ಸೆ ಕೊಡಿಸಿ ಅಂತ ಅವನು ಹೇಳಿದಾಗಲೆಲ್ಲ ಮಾಲೀಕ ಹೂಂ ಹೂಂ ಅನ್ನುತ್ತ ದಿನ ದೂಡಿದ. ಹರ್ನ್ ಸಿಟ್ಟಾಗಿ ಅಲ್ಲಿಂದ ಹೊರಟೇಬಿಟ್ಟ. ಇದನ್ನು ಬರೆದಿಟ್ಟವಳು ಆಮೇಲೆ ಅವನ ಹೆಂಡತಿಯಾದ ಸೆತ್ಸು. ಜಗಳಗಂಟ ಅಂತ ಹೆಸರಾದವನು. ಆ ರಾತ್ರಿ ನನಗೆ ಅವನು ಇಷ್ಟವಾದ. ಕೌಂಟರಿನ ಮುಂದೆ ಚೀಲ ಸುರಿದ ದಿನ ಅಲ್ಲಿ ಸೋಫಾದ ಮೇಲೆ ಪೇಪರು ಓದುತ್ತ ಮೂರು ಜನ ಅತಿಥಿಗಳಿದ್ದರು ಅಂತ ಆಯಿ ಹೇಳಿದ್ದಳು.

ಬೆಳಗಿನ ಐದಕ್ಕೆ ಎದ್ದು ಸ್ನಾನಕ್ಕೆ ಹೋದೆ. ಬಿಸಿನೀರ ಬುಗ್ಗೆಯ ಸಾಮೂಹಿಕ ಸ್ನಾನದ ಮನೆ, ಹೆಂಗಸರಿಗೇ ಬೇರೆ. ಆದರೆ ಮೈಮೇಲೆ ಬಟ್ಟೆ ಇರಕೂಡದು. ಹಿಂದಿನ ಸಂಜೆ ಹೊಟ್ಟೆನೋವು ಅಂತ ಸುಳ್ಳು ಹೇಳಿ ತಪ್ಪಿಸಿಕೊಂಡಿದ್ದೆ. ಐದಕ್ಕೆ ಯಾರೂ ಇರುವುದಿಲ್ಲ ಅನ್ನುವುದು ನನ್ನ ಲೆಕ್ಕ. ಇಬ್ಬರು ಅಜ್ಜಿಯರು ಆಗಲೇ ಕುತ್ತಿಗೆ ತನಕ ನೀರಲ್ಲಿ ಕೂತು ಹರಟೆ ಹೊಡೆಯುತ್ತಿದ್ದರು. ತಿರುಗಿ ಓಡುವಂತಿಲ್ಲ. ನಾನು ಸೀದಾ ಕೊಳಕ್ಕೆ ಕಾಲಿಡಲು ಹೋದಾಗ ಒಬ್ಬಾಕೆ ಕೈ ಬೀಸಿ, ಪಕ್ಕದ ಗಿಡ್ಡ ಸ್ಟೂಲು ತೋರಿಸಿದರು. ಮೊದಲು ಅಲ್ಲಿ ಕೂತು ಸೋಪು ಹಚ್ಚಿ ತೊಳೆದುಕೊಳ್ಳಬೇಕು, ಆಮೇಲೆ ನೀರಿಗೆ. ಅವರು ನನ್ನನ್ನು ಅಷ್ಟೇ ನೋಡಿದ್ದು. ಮತ್ತೆ ತಮ್ಮ ಹರಟೆಗೆ ಹೋದರು. ನಮ್ಮ ಕಡೆ ಹೆಂಗಸಿನ ಮೈಯನ್ನು ಇನ್ನೊಬ್ಬ ಹೆಂಗಸು ನೋಡುವುದು ಬಾಣಂತಿ ಸ್ನಾನದಲ್ಲಿ ಮಾತ್ರ, ಹಿರಿಯಳೊಬ್ಬಳು ಹಂಡೆಯ ನೀರನ್ನು ಬೀಸಿ ಹೊಡೆಯುವಾಗ. ನನ್ನ ಅಜ್ಜಿ ಬಾವಿಕಟ್ಟೆಯಲ್ಲಿ ಎದೆಗೆ ಸೀರೆ ಕಟ್ಟಿಕೊಂಡೇ ಸ್ನಾನ ಮಾಡಿದವಳು. ಹತ್ತು ನಿಮಿಷದಲ್ಲಿ ನಾಚಿಕೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನೀರು ಮಾತ್ರ ಕಾಯಿಸಿಟ್ಟ ಸಾರಿನಷ್ಟು ಬಿಸಿ.

ಕೋಣೆಗೆ ಬಂದು ಹಾಸಿಗೆ ಮಡಚತೊಡಗಿದೆ. ಅದು ನನ್ನ ಪ್ರಾಯಶ್ಚಿತ್ತ ಅಂತಲೋ ಏನೋ. ಆಯಿ ಕಲಿಸಿದ ಹಾಗೆ ಹೊದಿಕೆ ಬಿಡಿಸಿ, ಮೂಲೆಗೆ ಮೂಲೆ ಸೇರಿಸಿ, ಎಲ್ಲವನ್ನೂ ಒಂದರ ಮೇಲೊಂದು ಇಟ್ಟೆ. ಬಾಗಿಲು ಸರಿಯಿತು. ಆಕೆ ರಾಶಿಯನ್ನು ನೋಡಿದರು, ನನ್ನನ್ನು ನೋಡಿದರು. ಮುಖದಲ್ಲಿ ಸಂತೋಷವಿರಲಿಲ್ಲ, ಗಾಬರಿಯಿತ್ತು. ಫೋನಿನಲ್ಲಿ ಅನುವಾದದ ಆ್ಯಪು ತೆಗೆದು ಏನೋ ಹೇಳಿದರು. ಪರದೆಯ ಮೇಲೆ ಬಂದ ಅರ್ಥ ಇಷ್ಟು: ರಾತ್ರಿ ಏನಾದರೂ ಕೊರತೆಯಾಯಿತೇ? ನನಗೆ ನಾಚಿಕೆಯಾಯಿತು. ಇಲ್ಲ ಇಲ್ಲ, ನನ್ನ ಅಮ್ಮನೂ ಇದೇ ಕೆಲಸ ಮಾಡುತ್ತಿದ್ದಳು ಅಂತ ಕನ್ನಡದಲ್ಲೇ ಫೋನಿಗೆ ಹೇಳಿದೆ. ಅದು ಜಪಾನಿಯಲ್ಲಿ ಏನಂತ ಹೇಳಿತೋ, ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ರಾಶಿಯ ಹತ್ತಿರ ಕೂತು ನಾನು ಮಡಚಿದ ಹೊದಿಕೆಯ ಅಂಚನ್ನು ಬೆರಳಲ್ಲಿ ಸವರಿದರು. ಆಮೇಲೆ ಅದನ್ನು ಬಿಡಿಸಿ ತಮ್ಮ ರೀತಿಯಲ್ಲಿ ಮಡಚಿದರು. ಒಗೆಯಲು ಹಾಕುವ ಬಟ್ಟೆ ಬೇರೆ, ಗಾಳಿಗೆ ಹಾಕುವುದು ಬೇರೆ, ನಾನು ಎಲ್ಲ ಕಲೆಸಿಟ್ಟಿದ್ದೆ. ಅವರ ಕೆಲಸ ಎರಡು ಪಟ್ಟು ಮಾಡಿದ್ದೆ.

ಆಯಿಯ ಪ್ರಶ್ನೆ ಕೇಳಿದೆ. ಬೆಳಿಗ್ಗೆ ಆರಕ್ಕೆ ಬರುತ್ತಾರೆ, ತಿಂಡಿ, ಕೋಣೆ ಎಲ್ಲ ಮುಗಿಸಿ ಹನ್ನೊಂದಕ್ಕೆ ಮನೆಗೆ. ಮತ್ತೆ ಮೂರಕ್ಕೆ ಬಂದರೆ ರಾತ್ರಿ ಒಂಬತ್ತೂವರೆ. ರ್ಯೋಕಾನ್‌ಗಳಲ್ಲಿ ಹೀಗೆ ನಡುವೆ ಬಿಡುವು ಕೊಟ್ಟು ಎರಡು ತುಂಡು ಮಾಡಿದ ಪಾಳಿ ಸಾಮಾನ್ಯವಂತೆ. ಮನೆ ಹತ್ತಿರವಾ? ಸೈಕಲ್ಲಿನಲ್ಲಿ ಹದಿನೈದು ನಿಮಿಷ. ಮೊಣಕಾಲು? ಆಕೆ ನಕ್ಕು ಮೊಣಕಾಲನ್ನು ತಟ್ಟಿ ತೋರಿಸಿದರು. ಅದಕ್ಕೆ ಅನುವಾದ ಬೇಕಾಗಲಿಲ್ಲ. ಇಷ್ಟು ಬಾಗುವ ಗೌರವ ನಿಜವಾದದ್ದೋ ಕೆಲಸದ ಭಾಗವೋ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಇಲ್ಲಿ ಚೀಲ ಸುರಿಸುವುದಿಲ್ಲ ಅಂತ ನಾನು ಹೇಗೆ ಹೇಳಲಿ? ಒಂದು ರಾತ್ರಿ ಉಳಿದವರಿಗೆ ಯಾವ ಮನೆಯೂ ಚಂದವೇ.

ತಿಂಡಿಗೆ ಅನ್ನ, ಉಪ್ಪಿನಕಾಯಿ, ಸುಟ್ಟ ಮೀನು, ಶಿಜಿಮಿ ಹಾಕಿದ ಮಿಸೋ ಸಾರು. ಬಟ್ಟಲಿನ ತಳದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಕಪ್ಪು ಚಿಪ್ಪುಗಳು. ಮೂರು ದಿನ ಸೂಕ್ಷ್ಮದರ್ಶಕದಲ್ಲಿ ನೋಡಿದ್ದನ್ನು ಈಗ ತಿನ್ನುವುದು. ಕಿಟಕಿಯಾಚೆ ಶಿಜಿಮಿ ಹಿಡಿಯುವ ದೋಣಿಗಳು ಬಂದಿದ್ದವು. ಉದ್ದ ಬಿದಿರಿನಂಥ ಕೋಲಿನ ತುದಿಗೆ ಹಲ್ಲಿರುವ ಬುಟ್ಟಿ, ಅದರಿಂದ ತಳ ಕೆರೆದು ಎತ್ತುತ್ತಾರೆ. ವಾರದಲ್ಲಿ ಗೊತ್ತುಮಾಡಿದ ದಿನ, ದಿನಕ್ಕೆ ಕೆಲವೇ ತಾಸು, ಒಬ್ಬೊಬ್ಬರಿಗೆ ಇಷ್ಟೇ ಪೆಟ್ಟಿಗೆ. ಸಣ್ಣವನ್ನು ವಾಪಸು ನೀರಿಗೆ ಬಿಡಬೇಕು. ಮೀನುಗಾರರ ಸಹಕಾರ ಸಂಘ ಅದನ್ನು ನೋಡಿಕೊಳ್ಳುತ್ತದೆ. ಈ ಸರೋವರವನ್ನೂ ಪಕ್ಕದ ನಾಕಾಉಮಿಯನ್ನೂ ಸಿಹಿನೀರು ಮಾಡಿ ಗದ್ದೆಗೆ ಹರಿಸುವ ಸರಕಾರಿ ಯೋಜನೆಯೊಂದು 1963ರಲ್ಲಿ ಶುರುವಾಗಿತ್ತು. ಉಪ್ಪು ಹೋದರೆ ಶಿಜಿಮಿಯೂ ಹೋಗುತ್ತದೆ. ಜನ ವಿರೋಧಿಸಿದರು, 1988ರಲ್ಲಿ ಅದು ನಿಂತಿತು, 2002ರಲ್ಲಿ ಪೂರ್ತಿ ಕೈಬಿಟ್ಟರು. 2005ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಹಾಗೆಂದು ಎಲ್ಲ ಸುಖವೇನಲ್ಲ. ಸುತ್ತಲಿನ ಗದ್ದೆಗಳ ಕೀಟನಾಶಕದಿಂದ ಇಲ್ಲಿಯ ಹಾವುಮೀನು ಕಡಿಮೆಯಾದದ್ದನ್ನು ಜಪಾನಿನವರೇ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದಿದ್ದಾರೆ. ನಮ್ಮ ಕಾಳಿಯಲ್ಲಿ ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಲ್ಲಿ ನಿಂತು ಕಾಲಲ್ಲೇ ತಡಕಿ ಖುಬೆ ಎತ್ತುವ ಹೆಂಗಸರು ನನ್ನ ಕಣ್ಣ ಮುಂದಿದ್ದರು. ಬೆನ್ನು ನೋವಿಗೆ ಲಾಡ್ಜಿನ ಕೆಲಸ ಬಿಟ್ಟ ಮೇಲೆ ಆಯಿಯೂ ಅವರೊಂದಿಗೆ ಇಳಿಯುತ್ತಾಳೆ. ಅಲ್ಲಿ ಬಾಗುವುದಕ್ಕೆ ಯಾರೂ ಸಂಬಳ ಕೊಡುವುದಿಲ್ಲ ಅಂತ ಒಮ್ಮೆ ಅಂದರೆ, ‘ಹೌದು, ಯಾರೂ ಚೀಲಾನೂ ನೋಡೂದಿಲ್ಲ’ ಅಂದಿದ್ದಳು.

ಹೊರಡುವ ಮೊದಲು ಕೋಣೆಯಲ್ಲಿ ಸಾಮಾನು ತುಂಬುತ್ತಿದ್ದೆ. ಸ್ನಾನಕ್ಕೆ ಕೊಟ್ಟ ತೆಳು ಟವೆಲು ಗೂಟದ ಮೇಲಿತ್ತು, ನೀಲಿ ಅಕ್ಷರದಲ್ಲಿ ರ್ಯೋಕಾನ್ ಹೆಸರು. ಅದನ್ನು ಅತಿಥಿಗಳು ಒಯ್ಯಬಹುದು ಅಂತ ಹಿಂದಿನ ದಿನವೇ ಹೇಳಿದ್ದರು. ಚೀಲಕ್ಕೆ ಹಾಕಿದೆ, ಹೊರಗೆ ತೆಗೆದೆ. ಕೌಂಟರಿಗೆ ಒಯ್ದು ಇದನ್ನು ತೆಗೆದುಕೊಳ್ಳಬಹುದೇ ಅಂತ ಕೇಳಿದೆ. ಹೌದು ಅಂದರು. ಮೆಟ್ಟಿಲಲ್ಲಿ ಆ ನಕಾಯ್ ಸಿಕ್ಕಾಗ ಅವರಿಗೂ ತೋರಿಸಿ ಕೇಳಿದೆ. ಹೌದು ಅಂದು ಅವರು ಒಳಗಿನಿಂದ ಇನ್ನೊಂದು ಹೊಸದನ್ನು ತಂದು ನನ್ನ ಕೈಯಲ್ಲಿಟ್ಟರು. ವ್ಯಾನು ಹೊರಟಾಗ ಬಾಗಿಲ ಮುಂದೆ ಸಾಲಾಗಿ ನಿಂತು ಕೈ ಬೀಸಿದರು. ತಿರುವಿನಲ್ಲಿ ಮರೆಯಾಗುವ ತನಕ ಬೀಸುತ್ತಲೇ ಇದ್ದರು. ಅದೂ ಅಲ್ಲಿಯ ಪದ್ಧತಿ.

ಕದ್ವಾಡಕ್ಕೆ ಬಂದು ಚೀಲ ಬಿಚ್ಚಿದಾಗ ಆಯಿ ಮೊದಲು ಎತ್ತಿಕೊಂಡದ್ದು ಟವೆಲುಗಳನ್ನೇ. ಬಟ್ಟೆಯನ್ನು ಬೆರಳ ನಡುವೆ ಉಜ್ಜಿ ನೋಡಿದಳು. ನೀಲಿ ಅಕ್ಷರ ಏನಂತ ಕೇಳಿದಳು. ರ್ಯೋಕಾನ್ ಹೆಸರು ಅಂದೆ.

‘ಕೇಳಿ ತಂದಿದ್ಯಾ?’

ಎರಡು ಸಲ ಕೇಳಿದೆ ಆಯಿ, ಅಂದೆ. ಅವಳು ಹಳೆಯದನ್ನು ಬಚ್ಚಲಿನ ಹಗ್ಗದ ಮೇಲೆ ಹಾಕಿದಳು. ಹೊಸದನ್ನು ನಾಲ್ಕು ಮಡಿಕೆ ಮಾಡಿ, ಅಕ್ಷರ ಒಳಗೆ ಬರುವ ಹಾಗೆ, ಕಪಾಟಿನಲ್ಲಿ ಸೀರೆಗಳ ಕೆಳಗೆ ಇಟ್ಟಳು.